ವಿವಾಹ ವಿಚ್ಛೇದನ ಪ್ರಕರಣಗಳಲ್ಲಿ ಉಚಿತ ಕಾನೂನು ನೆರವು: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಸಾರ್ವಜನಿಕರ ಮಾಹಿತಿಗಾಗಿ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ದುಂಡಸಿ ಹೋಬಳಿ ಹಾಗೂ ಹಾನಗಲ್ಲ, ಸವಣೂರು, ಹಿರೇಕೆರೂರು ತಾಲೂಕುಗಳ ಗ್ರಾಮಗಳಲ್ಲಿ ಗಂಡ-ಹೆಂಡತಿಯರ ನಡುವೆ ಹೊಂದಾಣಿಕೆ ತಪ್ಪಿದಾಗ ವಿಷಯವು ಮೊದಲು ಎರಡೂ ಮನೆಯ ಹಿರಿಯರ ಮುಂದೆ, ಅನಂತರ ಪಂಚರ ಮುಂದೆ ಬರುವುದು ವಾಡಿಕೆ. ಹಿರಿಯರು ಕೂಡಿ ಬುದ್ಧಿ ಹೇಳಿ ಸಂಸಾರವನ್ನು ಉಳಿಸುವುದು ಒಳ್ಳೆಯ ಪದ್ಧತಿಯೇ ಆಗಿದೆ. ಆದರೆ ಸಂಸಾರ ಉಳಿಯದಿದ್ದಾಗ ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆಸಿ, ಇಬ್ಬರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿದರೆ ವಿಚ್ಛೇದನ ಮುಗಿಯಿತೆಂದು ತಿಳಿಯುವುದು ಮುಂದೆ ಬಹಳ ನಷ್ಟಕ್ಕೆ ಕಾರಣವಾಗುತ್ತದೆ. ಪಡಿತರ ಚೀಟಿ, ಪಿಂಚಣಿ, ಮನಸ್ವಿನಿ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವಾಗ ಇಂತಹ ಪತ್ರವನ್ನೇ ದಾಖಲೆಯೆಂದು ಲಗತ್ತಿಸಿ ತೊಂದರೆಗೀಡಾಗುವವರಿದ್ದಾರೆ. ಆದುದರಿಂದ ವಿಚ್ಛೇದನದ ಕ್ರಮ, ಉಚಿತ ಕಾನೂನು ನೆರವು ಪಡೆಯುವ ವಿಧಾನ ಹಾಗೂ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ವಿಚ್ಛೇದನವನ್ನು ಯಾರು ನೀಡುತ್ತಾರೆ?

ಹಿಂದೂ ವಿವಾಹ ಅಧಿನಿಯಮ, 1955ರ ವ್ಯಾಪ್ತಿಗೆ ಬರುವವರಿಗೆ ವಿಚ್ಛೇದನ ದೊರೆಯುವುದು ನ್ಯಾಯಾಲಯದ ಡಿಕ್ರಿಯಿಂದ ಮಾತ್ರ. ಗ್ರಾಮ ಪಂಚಾಯತಿ, ನಾಡಕಚೇರಿ, ಪೊಲೀಸ್ ಠಾಣೆ, ಉಪನೋಂದಣಿ ಕಚೇರಿ ಅಥವಾ ಯಾವುದೇ ಇಲಾಖೆಗೆ ವಿಚ್ಛೇದನ ನೀಡುವ ಅಧಿಕಾರವಿರುವುದಿಲ್ಲ. ನೋಟರಿಗಳು ವಿವಾಹ ಅಥವಾ ವಿಚ್ಛೇದನದ ಪತ್ರಗಳನ್ನು ಮಾಡಿಕೊಡತಕ್ಕದ್ದಲ್ಲವೆಂದು ಕೇಂದ್ರ ಕಾನೂನು ಮಂತ್ರಾಲಯವು 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಈ ಭಾಗಕ್ಕೆ ವಿಚ್ಛೇದನದ ಕಾನೂನು ಹೊಸದೇನಲ್ಲ. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಆ ಪ್ರಾಂತದಲ್ಲಿ 1947ರಲ್ಲಿಯೇ ಹಿಂದೂ ವಿಚ್ಛೇದನ ಅಧಿನಿಯಮ ಜಾರಿಗೆ ಬಂದಿತ್ತು. 1955ರ ಅಧಿನಿಯಮವು ಅದನ್ನು ನಿರಸನಗೊಳಿಸಿ ಇಡೀ ದೇಶಕ್ಕೆ ಒಂದೇ ಕ್ರಮವನ್ನು ತಂದಿತು. ಹಾವೇರಿಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಕೆಲವು ಸಮುದಾಯಗಳಲ್ಲಿ ರೂಢಿಯ ಪ್ರಕಾರ ಸೋಡಚೀಟಿ ಕೊಡುವ ಪದ್ಧತಿ ಇದೆಯಲ್ಲವೇ ಎಂದು ಕೇಳಬಹುದು. 1955ರ ಅಧಿನಿಯಮದ 29(2)ನೇ ಪ್ರಕರಣವು ರೂಢಿಯಿಂದ ಬಂದ ಹಕ್ಕನ್ನು ಉಳಿಸಿದೆ. ಆದರೆ ಅಂತಹ ರೂಢಿ ಉಂಟೆಂದು ಹೇಳುವವರೇ ಅದನ್ನು ನ್ಯಾಯಾಲಯದಲ್ಲಿ ನಿರ್ದಿಷ್ಟವಾಗಿ ಪ್ರತಿಪಾದಿಸಿ, ಸಾಕ್ಷ್ಯದಿಂದ ರುಜುವಾತುಪಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಹೇಳಿದೆ. ಹತ್ತು-ಹದಿನೈದು ವರ್ಷಗಳ ನಂತರ, ಪತ್ರಕ್ಕೆ ಸಹಿ ಹಾಕಿದ ಪಂಚರು ತೀರಿಕೊಂಡ ಮೇಲೆ, ಇದನ್ನು ರುಜುವಾತುಪಡಿಸುವುದು ಎಷ್ಟು ಕಷ್ಟವೆಂಬುದನ್ನು ಓದುಗರೇ ಊಹಿಸಬಹುದು.

2. ಬಾಂಡ್ ಪೇಪರಿನ ವಿಚ್ಛೇದನದಿಂದ ಆಗುವ ನಷ್ಟ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದಂಪತಿಗಳು ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು ಬೇರೆಯಾದರು. ಗಂಡನು ಎರಡನೆಯ ಮದುವೆಯಾಗಿ, ಎರಡು ಮಕ್ಕಳಾದವು. ಅನಂತರ ಆತನು ತೀರಿಕೊಂಡಾಗ ಕುಟುಂಬ ಪಿಂಚಣಿ ಹಾಗೂ ಹೊಲದ ಹಕ್ಕಿಗೆ ಇಬ್ಬರೂ ಪತ್ನಿಯರು ಅರ್ಜಿ ಸಲ್ಲಿಸಿದರು. ಮೊದಲ ವಿವಾಹವು ಡಿಕ್ರಿಯಿಂದ ರದ್ದಾಗದೆ, ರೂಢಿಯೂ ರುಜುವಾತಾಗದಿದ್ದಲ್ಲಿ ಎರಡನೆಯ ವಿವಾಹವು 11ನೇ ಪ್ರಕರಣದ ಪ್ರಕಾರ ಶೂನ್ಯ. ಇಷ್ಟು ವರ್ಷ ಸಂಸಾರ ಮಾಡಿದ ಎರಡನೆಯ ಹೆಣ್ಣುಮಗಳಿಗೆ ಪತ್ನಿಯೆಂಬ ಸ್ಥಾನವೇ ಸಿಗುವುದಿಲ್ಲ. ಮೊದಲನೆಯವಳೋ ಜೀವನಾಂಶವೂ ಇಲ್ಲದೆ ಇಷ್ಟು ವರ್ಷ ತವರಿನಲ್ಲಿ ಕಳೆದಿರುತ್ತಾಳೆ. ಬರೆಸಿದವರಿಗೆ ಅಂದು ಉಳಿದದ್ದು ಕೆಲವು ಸಾವಿರ ರೂಪಾಯಿ. ಕಳೆದುಕೊಂಡದ್ದು ಇಬ್ಬರು ಹೆಣ್ಣುಮಕ್ಕಳ ಜೀವನದ ಆಧಾರ.

ಇದರ ಜೊತೆಗೆ, ಮೊದಲ ವಿವಾಹ ಊರ್ಜಿತವಿರುವಾಗ ಮತ್ತೊಂದು ಮದುವೆಯಾಗುವುದು ಭಾರತೀಯ ನ್ಯಾಯ ಸಂಹಿತೆಯ 82ನೇ ಪ್ರಕರಣದಂತೆ ಏಳು ವರ್ಷಗಳವರೆಗೆ ಕಾರಾವಾಸಕ್ಕೆ ಗುರಿಪಡಿಸುವ ಅಪರಾಧವಾಗಿದೆ. 2024ರ ಜುಲೈ 1ಕ್ಕೆ ಮೊದಲು ಇದು ಭಾರತೀಯ ದಂಡ ಸಂಹಿತೆಯ 494ನೇ ಪ್ರಕರಣದಲ್ಲಿತ್ತು.

ಶೂನ್ಯ ವಿವಾಹದಿಂದ ಜನಿಸಿದ ಮಕ್ಕಳನ್ನು ಮಾತ್ರ ಕಾನೂನು ಕೈಬಿಟ್ಟಿಲ್ಲ. 16ನೇ ಪ್ರಕರಣದಂತೆ ಅವರು ಸಕ್ರಮ ಸಂತಾನವೇ ಆಗಿರುತ್ತಾರೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ಅಥವಾ ತಾಯಿಯ ಪಾಲಿಗೆ ಬರುವ ಹಿಸ್ಸೆಯಲ್ಲಿ ಅವರಿಗೆ ಹಕ್ಕುಂಟೆಂದು, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು ತೀರ್ಪು ನೀಡಿದೆ.

3. ಉಚಿತ ಕಾನೂನು ನೆರವಿಗೆ ಯಾರು ಅರ್ಹರು?

ನ್ಯಾಯಾಲಯಕ್ಕೆ ಹೋದರೆ ಹೊಲ-ಮನೆ ಮಾರಬೇಕಾದೀತು ಎಂಬ ಭಯವೇ ಜನರನ್ನು ಬಾಂಡ್ ಪೇಪರಿನತ್ತ ಕಳುಹಿಸುತ್ತದೆ. ಈ ಭಯಕ್ಕೆ ಪರಿಹಾರವಾಗಿಯೇ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ನ್ನು ರಚಿಸಲಾಗಿದ್ದು, ಅದು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಸದರಿ ಅಧಿನಿಯಮದ 12ನೇ ಪ್ರಕರಣದಂತೆ ಈ ಕೆಳಕಂಡವರು ಅರ್ಹರು:

(ಅ) ಮಹಿಳೆಯರು ಮತ್ತು ಮಕ್ಕಳು. ಮಹಿಳೆಯರಿಗೆ ಯಾವುದೇ ವರಮಾನ ಮಿತಿ ಇರುವುದಿಲ್ಲ. ಆಕೆ ನೌಕರಿಯಲ್ಲಿದ್ದರೂ, ಆಕೆಯ ಹೆಸರಿನಲ್ಲಿ ಜಮೀನಿದ್ದರೂ ಅರ್ಹಳು.
(ಆ) ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಕ್ಕೆ ಸೇರಿದವರು.
(ಇ) ಅಂಗವಿಕಲರು.
(ಈ) ಕೈಗಾರಿಕಾ ಕಾರ್ಮಿಕರು.
(ಉ) ನೆರೆ, ಬರ, ಜಾತಿ ದೌರ್ಜನ್ಯ ಮುಂತಾದವುಗಳಿಗೆ ತುತ್ತಾದವರು, ಮಾನವ ಸಾಗಾಣಿಕೆ ಅಥವಾ ಬಿಟ್ಟಿ ದುಡಿಮೆಗೆ ಒಳಗಾದವರು.
(ಊ) ಬಂಧನದಲ್ಲಿರುವವರು.
(ಋ) ಸರ್ಕಾರವು ನಿಗದಿಪಡಿಸಿದ ವಾರ್ಷಿಕ ವರಮಾನ ಮಿತಿಯೊಳಗಿರುವ ಇತರ ಎಲ್ಲರೂ.

ಹೀಗಾಗಿ ಪುರುಷರೂ ಮೇಲ್ಕಂಡ ಯಾವುದಾದರೊಂದು ವರ್ಗಕ್ಕೆ ಸೇರಿದಲ್ಲಿ ನೆರವು ಪಡೆಯಬಹುದು. ವರಮಾನದ ಆಧಾರದ ಮೇಲೆ ಕೇಳುವವರು ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಮಿತಿಯನ್ನು ಸಮಿತಿಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

4. ಅರ್ಜಿ ಎಲ್ಲಿ, ಹೇಗೆ?

ದುಂಡಸಿ ಹೋಬಳಿಯವರು ಶಿಗ್ಗಾಂವಿಯ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಇತರ ತಾಲೂಕಿನವರು ತಮ್ಮ ತಮ್ಮ ತಾಲೂಕಿನ ಸಮಿತಿಗೆ, ಅಥವಾ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ತಾಲೂಕು ಸಮಿತಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರು ಅಧ್ಯಕ್ಷರಾಗಿರುತ್ತಾರೆ. ಬೆಂಗಳೂರಿನ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರವಿದೆ. 15100 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. ಹೆಸರು, ವಿಳಾಸ, ಯಾವ ವರ್ಗದಡಿ ಅರ್ಹರು, ತೊಂದರೆಯೇನು, ಯಾವ ನೆರವು ಬೇಕು ಎಂಬುದನ್ನು ತಿಳಿಸಿದರೆ ಸಾಕು. ಓದು-ಬರಹ ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯ ಸಿಬ್ಬಂದಿ ಅಥವಾ ಅರೆ ಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ಸಾಧ್ಯವಾದಲ್ಲಿ ಅದೇ ದಿನ, ತಪ್ಪಿದಲ್ಲಿ ಏಳು ದಿನಗಳೊಳಗೆ ಅರ್ಜಿಯ ಮೇಲೆ ನಿರ್ಣಯ ಕೈಗೊಳ್ಳಬೇಕೆಂದು 2010ರ ರಾಷ್ಟ್ರೀಯ ಪ್ರಾಧಿಕಾರದ ವಿನಿಯಮಗಳು ಹೇಳುತ್ತವೆ. ಅರ್ಜಿ ತಿರಸ್ಕೃತವಾದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಮಂಜೂರಾದ ನಂತರ ಸಮಿತಿಯ ಪಟ್ಟಿಯಲ್ಲಿರುವ ವಕೀಲರನ್ನು ನೇಮಿಸಲಾಗುತ್ತದೆ. ವಕೀಲರ ಶುಲ್ಕ, ನ್ಯಾಯಾಲಯ ಶುಲ್ಕ, ಸಮನ್ಸ್ ಜಾರಿಯ ಖರ್ಚು, ಬೆರಳಚ್ಚು ಮತ್ತು ನಕಲುಗಳ ವೆಚ್ಚ ಈ ನೆರವಿನಲ್ಲಿ ಸೇರಿರುತ್ತವೆ. ನೇಮಕವಾದ ವಕೀಲರು ಅರ್ಜಿದಾರರಿಂದ ಯಾವುದೇ ಹಣ ಪಡೆಯತಕ್ಕದ್ದಲ್ಲ. ಯಾರಾದರೂ ಕೇಳಿದಲ್ಲಿ ಸಮಿತಿಯ ಅಧ್ಯಕ್ಷರಿಗೆ ಬರಹದಲ್ಲಿ ತಿಳಿಸಬೇಕು. ವಕೀಲರು ಪ್ರಕರಣದತ್ತ ಗಮನ ಕೊಡುತ್ತಿಲ್ಲವೆನಿಸಿದಲ್ಲಿ ಬೇರೆಯವರನ್ನು ನೇಮಿಸುವಂತೆ ಕೋರಬಹುದು. ಉಚಿತ ನೆರವು ದಯೆಯಲ್ಲ. ಸಂವಿಧಾನದ 39ಎ ಅನುಚ್ಛೇದದ ಆಶಯದಂತೆ ಕಾನೂನು ಕೊಟ್ಟ ಹಕ್ಕು.

5. ಪರಸ್ಪರ ಒಪ್ಪಿಗೆಯ ವಿಚ್ಛೇದನ

ಇಬ್ಬರೂ ಬೇರೆಯಾಗಲು ಒಪ್ಪಿದ್ದಲ್ಲಿ ಬಾಂಡ್ ಪೇಪರಿಗೆ ಮಾಡುವ ಓಡಾಟಕ್ಕಿಂತ ಸ್ವಲ್ಪವೇ ಹೆಚ್ಚು ಓಡಾಟದಲ್ಲಿ ಕಾನೂನುಬದ್ಧ ಡಿಕ್ರಿ ಪಡೆಯಬಹುದು. 13ಬಿ ಪ್ರಕರಣದ ಕ್ರಮ ಹೀಗಿದೆ:

- ಒಂದು ವರ್ಷ ಅಥವಾ ಹೆಚ್ಚು ಕಾಲ ಪ್ರತ್ಯೇಕವಾಗಿ ಬಾಳುತ್ತಿರಬೇಕು.
- ಇಬ್ಬರೂ ಸೇರಿ ಜಂಟಿ ಅರ್ಜಿ ಸಲ್ಲಿಸಬೇಕು.
- ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಎರಡನೆಯ ಬಾರಿ ನ್ಯಾಯಾಲಯವನ್ನು ಕೋರಬೇಕು.
- ಒಪ್ಪಿಗೆಯು ಬಲವಂತದಿಂದ ಬಂದದ್ದಲ್ಲವೆಂದು ಮನವರಿಕೆಯಾದ ಮೇಲೆ ನ್ಯಾಯಾಲಯವು ಡಿಕ್ರಿ ನೀಡುತ್ತದೆ.

ಬಹಳ ಕಾಲದಿಂದ ಬೇರೆಯಾಗಿದ್ದು, ರಾಜಿ ಪ್ರಯತ್ನಗಳು ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದಲ್ಲಿ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯವು ಸಡಿಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ.

ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂಬುದನ್ನು ನೆನಪಿಡಬೇಕು. ಮೊದಲ ದಿನವೇ ಪೂರ್ತಿ ಹಣವನ್ನು ಕೈಯಲ್ಲಿ ಕೊಟ್ಟುಬಿಡುವುದೂ, ಹಣ ಬಾರದೆ ಕೊನೆಯ ಹೇಳಿಕೆ ನೀಡಿಬಿಡುವುದೂ ಸಮಾನವಾಗಿ ಅಪಾಯಕಾರಿ. ಎಷ್ಟು ಹಣ, ಯಾವ ಹಂತದಲ್ಲಿ, ಯಾವ ಬ್ಯಾಂಕ್ ಖಾತೆಗೆ ಎಂಬುದನ್ನು ಜಂಟಿ ಅರ್ಜಿಯಲ್ಲಿಯೇ ಬರೆಸತಕ್ಕದ್ದು.

6. ಒಬ್ಬರು ಒಪ್ಪದಿದ್ದಾಗ

ಒಬ್ಬರೇ ಅರ್ಜಿ ಸಲ್ಲಿಸುವಾಗ 13ನೇ ಪ್ರಕರಣದಲ್ಲಿ ಹೇಳಿದ ಕಾರಣವೊಂದನ್ನು ರುಜುವಾತುಪಡಿಸಬೇಕು. ಕ್ರೌರ್ಯ, ಕನಿಷ್ಠ ಎರಡು ವರ್ಷಗಳ ಪರಿತ್ಯಾಗ, ವ್ಯಭಿಚಾರ, ಮತಾಂತರ, ವಾಸಿಯಾಗದ ಬುದ್ಧಿವಿಕಲತೆ, ಏಳು ವರ್ಷಗಳಿಂದ ಜೀವಂತವಿರುವ ಸುದ್ದಿಯಿಲ್ಲದಿರುವುದು ಇವು ಅವುಗಳಲ್ಲಿ ಕೆಲವು. ಕುಷ್ಠರೋಗವನ್ನು 2019ರ ತಿದ್ದುಪಡಿಯಿಂದ ಈ ಪಟ್ಟಿಯಿಂದ ತೆಗೆದುಹಾಕಲಾಗಿದೆ. ಸಾಮಾನ್ಯವಾಗಿ ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಸಲ್ಲಿಸುವಂತಿಲ್ಲ.

"ಸಂಸಾರ ಮುರಿದುಹೋಗಿದೆ" ಎಂಬ ಒಂದೇ ಕಾರಣದ ಮೇಲೆ ಕೆಳಗಿನ ನ್ಯಾಯಾಲಯಗಳು ವಿಚ್ಛೇದನ ನೀಡಲಾರವು. 2023ರ ಮೇ 1ರ ತೀರ್ಪಿನಲ್ಲಿ ವಿವರಿಸಿದ ಆ ಅಧಿಕಾರವು ಸಂವಿಧಾನದ 142ನೇ ಅನುಚ್ಛೇದದಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಸೇರಿದ್ದು.

ಅರ್ಜಿಯನ್ನು ಕುಟುಂಬ ನ್ಯಾಯಾಲಯವಿರುವ ಕಡೆ ಅಲ್ಲಿಯೂ, ಇಲ್ಲದ ಕಡೆ ಅಧಿಕಾರವುಳ್ಳ ಸಿವಿಲ್ ನ್ಯಾಯಾಲಯದಲ್ಲಿಯೂ ಸಲ್ಲಿಸಬೇಕು. ಮದುವೆ ನಡೆದ ಸ್ಥಳ, ಎದುರುದಾರರು ವಾಸಿಸುವ ಸ್ಥಳ ಅಥವಾ ದಂಪತಿಗಳು ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರವಿರುತ್ತದೆ. ಪತ್ನಿಯು ಅರ್ಜಿದಾರಳಾಗಿದ್ದಲ್ಲಿ ಆಕೆ ವಾಸಿಸುತ್ತಿರುವ ಸ್ಥಳದಲ್ಲಿಯೂ ಸಲ್ಲಿಸಬಹುದೆಂದು 2003ರಲ್ಲಿ ಸೇರಿಸಲಾಗಿದೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಮದುವೆಯಾಗಿ ಹೋಗಿ ತವರಿಗೆ ಹಿಂದಿರುಗಿದ ದುಂಡಸಿಯ ಹೆಣ್ಣುಮಗಳು ಗಂಡನ ಊರಿನ ನ್ಯಾಯಾಲಯಕ್ಕೇ ಅಲೆಯಬೇಕಾಗಿಲ್ಲ.

7. ಜೀವನಾಂಶ

ಪ್ರಕರಣ ನಡೆಯುತ್ತಿರುವಾಗ ಸ್ವಂತ ವರಮಾನವಿಲ್ಲದವರು 24ನೇ ಪ್ರಕರಣದಡಿ ಮಧ್ಯಂತರ ಜೀವನಾಂಶ ಹಾಗೂ ಪ್ರಕರಣದ ಖರ್ಚನ್ನು ಕೇಳಬಹುದು. ನೋಟೀಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಇದನ್ನು ಇತ್ಯರ್ಥಪಡಿಸಬೇಕು. ಶಾಶ್ವತ ಜೀವನಾಂಶಕ್ಕೆ 25ನೇ ಪ್ರಕರಣವಿದೆ. ವಿಚ್ಛೇದನ ಬೇಡ, ಜೀವನಾಂಶ ಮಾತ್ರ ಸಾಕೆನ್ನುವವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣದಡಿ ಕೋರಬಹುದು. ಇದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಪ್ರಕರಣದ ಸ್ಥಾನದಲ್ಲಿ ಬಂದಿದೆ.

ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ ಹಾಕತಕ್ಕದ್ದೆಂದೂ, ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನಗಳ ಅಫಿಡವಿಟ್ ಸಲ್ಲಿಸತಕ್ಕದ್ದೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್‌ನಲ್ಲಿ ಆದೇಶಿಸಿದೆ. ಆದ್ದರಿಂದ ಅರ್ಜಿಯನ್ನು ಮುಂದೂಡಿದ ಪ್ರತಿ ತಿಂಗಳೂ ಒಂದು ತಿಂಗಳ ನಷ್ಟ. ಎದುರಿನವರ ಹೊಲದ ಉತಾರ, ವೇತನ ಚೀಟಿ, ಬಾಡಿಗೆಯ ವಿವರ ಮುಂತಾದವು ಲಭ್ಯವಿದ್ದಷ್ಟನ್ನು ಮೊದಲೇ ಸಂಗ್ರಹಿಸಿ ವಕೀಲರಿಗೆ ಕೊಡಬೇಕು. ತಮ್ಮ ವರಮಾನವನ್ನು ಮುಚ್ಚಿಟ್ಟು ಸುಳ್ಳು ಅಫಿಡವಿಟ್ ಸಲ್ಲಿಸುವುದು ಶಿಕ್ಷಾರ್ಹ.

"ಇನ್ನು ಮುಂದೆ ಏನೂ ಕೇಳುವುದಿಲ್ಲ" ಎಂದು ಖಾಸಗಿ ಪತ್ರದಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಮಕ್ಕಳ ಜೀವನಾಂಶದ ಹಕ್ಕು ಹೋಗುವುದಿಲ್ಲ. ಅದು ಮಕ್ಕಳ ಹಕ್ಕು; ತಾಯಿ ಬಿಟ್ಟುಕೊಡಲು ಬರುವುದಿಲ್ಲ.

8. ಸಾಮಾನ್ಯವಾಗಿ ಆಗುವ ದುಬಾರಿ ತಪ್ಪುಗಳು

(1) ಸಮನ್ಸ್ ತೆಗೆದುಕೊಳ್ಳದಿರುವುದು: ಅಂಚೆಯವರು ಅಥವಾ ಬೇಲೀಫರು ಬಂದಾಗ ತೆಗೆದುಕೊಳ್ಳದಿದ್ದರೆ ಪ್ರಕರಣ ಮುಂದುವರಿಯದೆಂಬುದು ತಪ್ಪು ತಿಳಿವಳಿಕೆ. ನಿರಾಕರಿಸಿದ್ದನ್ನು ಜಾರಿಯೆಂದೇ ಪರಿಗಣಿಸಿ ಏಕಪಕ್ಷೀಯ ಡಿಕ್ರಿ ನೀಡಬಹುದು. ಅದನ್ನು ರದ್ದುಪಡಿಸಲು ಡಿಕ್ರಿಯ ದಿನದಿಂದ, ಅಥವಾ ಸಮನ್ಸ್ ಸರಿಯಾಗಿ ಜಾರಿಯಾಗದಿದ್ದಲ್ಲಿ ವಿಷಯ ತಿಳಿದ ದಿನದಿಂದ, 30 ದಿನಗಳ ಅವಧಿ ಮಾತ್ರ ಇರುತ್ತದೆ.

(2) ಓದದೆ ಸಹಿ ಮಾಡುವುದು: ಖಾಲಿ ಹಾಳೆಗೆ, ಖಾಲಿ ಬಾಂಡ್ ಪೇಪರಿಗೆ ಸಹಿ ಅಥವಾ ಹೆಬ್ಬೆಟ್ಟು ಎಂದಿಗೂ ಹಾಕಕೂಡದು. ಓದಲು ಬಾರದವರು ತಮ್ಮ ನಂಬಿಕೆಯವರಿಂದ ಓದಿಸಿ ಕೇಳಬೇಕು.

(3) ಬಾಯಿಮಾತಿನ ಜಮೀನು: "ಎರಡೆಕರೆ ಹೆಸರಿಗೆ ಮಾಡಿಕೊಡುತ್ತೇನೆ" ಎಂಬ ಮಾತಿನಿಂದ ಉತಾರದಲ್ಲಿ ಹೆಸರು ಬರುವುದಿಲ್ಲ. ಸರ್ವೇ ನಂಬರು, ವಿಸ್ತೀರ್ಣ, ಚಕ್ಕುಬಂದಿ ಸಹಿತ ಅರ್ಜಿಯಲ್ಲಿ ಬರೆಸಿ, ವಕೀಲರ ಸಲಹೆಯಂತೆ ನೋಂದಣಿ ಮತ್ತು ಖಾತೆ ಬದಲಾವಣೆ ಮಾಡಿಸಿಕೊಳ್ಳಬೇಕು.

(4) ರಸೀದಿಯಿಲ್ಲದ ಹಣ: ಜೀವನಾಂಶವನ್ನು ಕೊಡುವವರೂ ಪಡೆಯುವವರೂ ಬ್ಯಾಂಕಿನ ಮೂಲಕವೇ ವ್ಯವಹರಿಸುವುದು ಕ್ಷೇಮ. ಕೈಯಲ್ಲಿ ಕೊಟ್ಟ ಹಣಕ್ಕೆ ಲೆಕ್ಕವಿರುವುದಿಲ್ಲ.

(5) ಆಧಾರವಿಲ್ಲದ ಆರೋಪ: ಸಿಟ್ಟಿನ ಭರದಲ್ಲಿ ಶೀಲದ ಮೇಲೆ ಸುಳ್ಳು ಆರೋಪ ಬರೆಸಿದರೆ ಅದೇ ಮಾನಸಿಕ ಕ್ರೌರ್ಯವೆನಿಸಿ ಬರೆಸಿದವರ ವಿರುದ್ಧವೇ ತಿರುಗಬಹುದು.

(6) ಬೇಗನೆ ಮರುಮದುವೆ: 15ನೇ ಪ್ರಕರಣದಂತೆ ಮೇಲ್ಮನವಿಯ ಅವಧಿ ಮುಗಿದ ನಂತರ, ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆದ ನಂತರವೇ ಮರುಮದುವೆಯಾಗಬಹುದು. ದಿನ ಗೊತ್ತುಪಡಿಸುವ ಮೊದಲು ವಕೀಲರನ್ನು ಕೇಳತಕ್ಕದ್ದು.

(7) ಮಧ್ಯವರ್ತಿಗಳು: "ತಿಂಗಳಲ್ಲಿ ಡಿಕ್ರಿ ಮಾಡಿಸುತ್ತೇನೆ" ಎನ್ನುವವರಿಗೆ ಹಣ ಕೊಟ್ಟು ಮೋಸ ಹೋಗಬಾರದು.

9. ಹಿಂಸೆ ಇದ್ದಲ್ಲಿ ಕಾಯಬೇಕಾಗಿಲ್ಲ

ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕುವಿಕೆ ಇದ್ದಲ್ಲಿ ವಿಚ್ಛೇದನದವರೆಗೆ ಸಹಿಸಿಕೊಂಡಿರಬೇಕಾಗಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಅಡಿಯಲ್ಲಿ ರಕ್ಷಣಾ ಆದೇಶ, ವಾಸದ ಹಕ್ಕು ಮತ್ತು ಹಣಕಾಸಿನ ಪರಿಹಾರ ಕೋರಬಹುದು. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ರಕ್ಷಣಾಧಿಕಾರಿಗಳಾಗಿರುತ್ತಾರೆ. ಊರಿನ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಕೇಳಿದರೆ ಕಚೇರಿಯ ವಿವರ ಸಿಗುತ್ತದೆ. ಮಹಿಳಾ ಸಹಾಯವಾಣಿ ಸಂಖ್ಯೆ 181. ತುರ್ತು ಸಂದರ್ಭದಲ್ಲಿ 112.

10. ಇತರ ಧರ್ಮೀಯರಿಗೆ

ಮುಸ್ಲಿಂ ಮಹಿಳೆಯರು 1939ರ ಮುಸ್ಲಿಂ ವಿವಾಹ ವಿಸರ್ಜನಾ ಅಧಿನಿಯಮದಡಿ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳುವುದು 2019ರ ಅಧಿನಿಯಮದಂತೆ ಶೂನ್ಯವಾಗಿದ್ದು, ಮೂರು ವರ್ಷಗಳವರೆಗೆ ಕಾರಾವಾಸಕ್ಕೆ ಗುರಿಪಡಿಸುವ ಅಪರಾಧವಾಗಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಅಧಿನಿಯಮ, ವಿಶೇಷ ವಿವಾಹ ಅಧಿನಿಯಮ 1954ರಡಿ ಮದುವೆಯಾದವರಿಗೆ ಅದೇ ಅಧಿನಿಯಮ ಅನ್ವಯಿಸುತ್ತವೆ. ಉಚಿತ ಕಾನೂನು ನೆರವು ಎಲ್ಲ ಧರ್ಮೀಯರಿಗೂ ಸಮಾನ.

11. ವಕೀಲರನ್ನು ಕಾಣುವಾಗ ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು

- ಲಗ್ನಪತ್ರಿಕೆ, ಮದುವೆಯ ಛಾಯಾಚಿತ್ರ, ಇದ್ದಲ್ಲಿ ವಿವಾಹ ನೋಂದಣಿ ಪತ್ರ
- ಆಧಾರ್, ಪಡಿತರ ಚೀಟಿ, ವಿಳಾಸದ ದಾಖಲೆ
- ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ದಾಖಲೆ
- ಅನ್ವಯಿಸಿದಲ್ಲಿ ಜಾತಿ, ವರಮಾನ ಅಥವಾ ಅಂಗವಿಕಲತೆಯ ಪ್ರಮಾಣಪತ್ರ
- ತವರಿನಿಂದ ಕೊಟ್ಟ ಬಂಗಾರ, ಪಾತ್ರೆ, ಸಾಮಾನುಗಳ ಪಟ್ಟಿ
- ವೈದ್ಯರ ಚೀಟಿ, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ
- ಈ ಹಿಂದೆ ಬಾಂಡ್ ಪೇಪರಿನ ಮೇಲೆ ಏನಾದರೂ ಬರೆದಿದ್ದಲ್ಲಿ ಅದರ ಪ್ರತಿ. ಇದನ್ನು ವಕೀಲರಿಂದ ಮುಚ್ಚಿಡಬಾರದು.

12. ಈಗಾಗಲೇ ಬಾಂಡ್ ಪೇಪರಿನ ಮೇಲೆ ಬೇರೆಯಾದವರು

ಇಂತಹವರು ಗಾಬರಿಪಡಬೇಕಾದ ಕಾರಣವಿಲ್ಲ. ಆದರೆ ವಿಳಂಬ ಮಾಡಕೂಡದು. ಇಬ್ಬರೂ ಜೀವಂತರಿದ್ದು ಒಪ್ಪಿಗೆಯಿದ್ದಲ್ಲಿ 13ಬಿ ಪ್ರಕರಣದಡಿ ಈಗಲೂ ಜಂಟಿ ಅರ್ಜಿ ಸಲ್ಲಿಸಬಹುದು. ಒಬ್ಬರು ಈಗಾಗಲೇ ಮರುಮದುವೆಯಾಗಿದ್ದಲ್ಲಿ ವಿಷಯ ಜಟಿಲವಾಗಿರುವುದರಿಂದ ಯಾವುದೇ ಕಚೇರಿಗೆ ಅರ್ಜಿ ಸಲ್ಲಿಸುವ ಮೊದಲು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಪಡೆಯುವುದು ಸೂಕ್ತ. ಸಲಹೆಗೂ ಶುಲ್ಕವಿರುವುದಿಲ್ಲ.

ಡಿಕ್ರಿ ದೊರೆತ ನಂತರ ಕನಿಷ್ಠ ಎರಡು ದೃಢೀಕೃತ ನಕಲುಗಳನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಯಾವುದೇ ಸೌಲಭ್ಯಕ್ಕೆ ವಿಚ್ಛೇದನದ ದಾಖಲೆ ಕೇಳಿದಲ್ಲಿ ಆ ನಕಲೇ ಆಧಾರ. ಡಿಕ್ರಿಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದ ಹಾವೇರಿ ಜಿಲ್ಲೆಯವರಿಗೆ ಧಾರವಾಡದಲ್ಲಿಯೇ ಪೀಠವಿದ್ದು, ಅಲ್ಲಿಯೂ ಕಾನೂನು ನೆರವು ದೊರೆಯುತ್ತದೆ.

ಸೂಚನೆ: ಮೇಲ್ಕಂಡ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿ ಪ್ರಕರಣದ ಸಂಗತಿಗಳು ಬೇರೆಬೇರೆಯಾಗಿರುವುದರಿಂದ ವಕೀಲರ ಸಲಹೆ ಪಡೆದೇ ಮುಂದುವರಿಯಬೇಕೆಂದು ಕೋರಲಾಗಿದೆ. ಹಿರಿಯರ ಮುಂದೆ ಕೂತು ಮಾತನಾಡಿರಿ; ಸಹಿ ಮಾಡುವ ಮೊದಲು ಒಮ್ಮೆ ಕಾನೂನು ಸೇವಾ ಸಮಿತಿಯ ಮೆಟ್ಟಿಲು ಹತ್ತಿರಿ.